ನದಿ ಜಲಾನಯನಕ್ಕೆ ಭೂಕುಸಿತದ ನಕ್ಷೆ: ಯಾವ ವಿಧಾನ, ಯಾವಾಗ?

ಒಂದು ನದಿಯ ಇಡೀ ಜಲಾನಯನ ಪ್ರದೇಶಕ್ಕೆ ಭೂಕುಸಿತದ ನಕ್ಷೆ ಮಾಡಲು ಹೊರಟವರು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಎಎಚ್‌ಪಿ ಅನ್ನುವ ತಜ್ಞರ ಅಂದಾಜಿನ ವಿಧಾನ ಮಾಡಲಾ, ಹಳೆಯ ಕುಸಿತಗಳ ಅನುಪಾತ ನೋಡುವ ಫ್ರೀಕ್ವೆನ್ಸಿ ರೇಶಿಯೋ ಹಿಡಿಯಲಾ, ಮಷೀನ್ ಲರ್ನಿಂಗ್‌ನ ರ‍್ಯಾಂಡಮ್ ಫಾರೆಸ್ಟ್‌ಗೆ ಹೋಗಲಾ? ಈ ಪ್ರಶ್ನೆ ಮೂರನೆಯದಾಗಿ ಬರಬೇಕು. ನಕ್ಷೆ ನೋಡಿ ಯಾರು ಯಾವ ತೀರ್ಮಾನ ಮಾಡುತ್ತಾರೆ ಅನ್ನುವುದು ಮೊದಲನೆಯದು. ಹಿಂದೆ ಎಲ್ಲೆಲ್ಲಿ ಗುಡ್ಡ ಜಾರಿದೆ ಅನ್ನುವ ದಾಖಲೆ ನಿಮ್ಮ ಕೈಯಲ್ಲಿ ಎಷ್ಟಿದೆ ಅನ್ನುವುದು ಎರಡನೆಯದು. ಈ ಎರಡಕ್ಕೂ ಉತ್ತರ ಸಿಕ್ಕರೆ ವಿಧಾನದ ಆಯ್ಕೆ ಅರ್ಧ ಮುಗಿದ ಹಾಗೆ.

ಮೊದಲನೆಯದನ್ನೇ ನೋಡೋಣ. ಎಲ್ಲಿ ಜಾರಬಹುದು ಅಂತ ಮಾತ್ರ ಹೇಳುವ ನಕ್ಷೆ ಒಂದು ಬಗೆ. ಎಲ್ಲಿ, ಎಷ್ಟು ವರ್ಷಕ್ಕೊಮ್ಮೆ, ಎಷ್ಟು ದೊಡ್ಡದಾಗಿ ಅಂತ ಹೇಳುವುದು ಇನ್ನೊಂದು. ಜಾರಿದರೆ ಯಾವ ಮನೆ, ಯಾವ ಸೇತುವೆ, ಎಷ್ಟು ಜನಕ್ಕೆ ಪೆಟ್ಟು ಅಂತ ಹೇಳುವುದು ಮೂರನೆಯದು. ಅಂತರರಾಷ್ಟ್ರೀಯ ಭೂತಾಂತ್ರಿಕ ಸಂಘಗಳ ಜಂಟಿ ಸಮಿತಿ ಜೆಟಿಸಿ-1, 2008ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ಆದರೂ 'ಅಪಾಯದ ನಕ್ಷೆ' ಅಂತ ತಲೆಬರಹ ಹೊತ್ತು ಬರುವ ಬಹಳಷ್ಟು ನಕ್ಷೆಗಳಲ್ಲಿ ವರ್ಷದ ಲೆಕ್ಕವೂ ಇರುವುದಿಲ್ಲ, ಮನೆಗಳೂ ಇರುವುದಿಲ್ಲ. ಇರುವುದು ಇಳಿಜಾರಿನ ಬಣ್ಣ ಮಾತ್ರ. ಹೊಸ ಬಡಾವಣೆಗೆ ಜಾಗ ಆರಿಸುವವರಿಗೆ ಮೊದಲ ಬಗೆಯ ನಕ್ಷೆಯೇ ತಕ್ಕಮಟ್ಟಿಗೆ ಸಾಕು. ಮಳೆ ಜೋರಾದಾಗ ಯಾವ ಊರನ್ನು ಮೊದಲು ಖಾಲಿ ಮಾಡಿಸಬೇಕು ಅಂತ ನಿರ್ಧರಿಸುವವರಿಗೆ ಅದು ಸಾಲುವುದೇ ಇಲ್ಲ. ಆದ್ದರಿಂದ ಯಾವುದನ್ನು ಮಾಡುತ್ತಿದ್ದೀರಿ ಅಂತ ಶುರುವಿನಲ್ಲೇ ಬರೆದಿಟ್ಟುಕೊಳ್ಳಿ.

ಹಳೆಯ ಕುಸಿತಗಳ ದಾಖಲೆ

ನನ್ನ ಅಭಿಪ್ರಾಯ ಕೇಳಿದರೆ, ಕೆಲಸಕ್ಕೆ ಇರುವ ಸಮಯದಲ್ಲಿ ಅರ್ಧ ಇಲ್ಲೇ ಹೋಗಬೇಕು. ಹೆಚ್ಚಿನ ಲೆಕ್ಕಾಚಾರಗಳು ಕಲಿಯುವುದು ಈ ದಾಖಲೆಯಿಂದಲೇ. ದಾಖಲೆ ಓರೆಯಾಗಿದ್ದರೆ ನಕ್ಷೆಯೂ ಓರೆ.

ತುಂಬಾ ಸಾಮಾನ್ಯವಾದ ಓರೆ ಅಂದರೆ ರಸ್ತೆಯದ್ದು. ರಸ್ತೆ ಪಕ್ಕ ಮಣ್ಣು ಬಿದ್ದರೆ ಸಂಚಾರ ನಿಲ್ಲುತ್ತದೆ, ಸುದ್ದಿಯಾಗುತ್ತದೆ, ದಾಖಲೆಗೂ ಸೇರುತ್ತದೆ. ಅದೇ ಕಾಡಿನ ಒಳಗೆ ಅದರ ಹತ್ತರಷ್ಟು ದೊಡ್ಡ ಗುಡ್ಡ ಜಾರಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇಂಥ ಪಟ್ಟಿಯನ್ನು ಮಾಡೆಲ್‌ಗೆ ಕೊಟ್ಟರೆ ಅದು 'ರಸ್ತೆಗೆ ಹತ್ತಿರ ಇದ್ದರೆ ಕುಸಿಯುತ್ತದೆ' ಅಂತ ಕಲಿತು, ರಸ್ತೆಯ ಉದ್ದಕ್ಕೂ ಕೆಂಪು ಪಟ್ಟಿ ಎಳೆದು, ಮೇಲಿನ ಕಾಡನ್ನೆಲ್ಲ ಹಸಿರು ಮಾಡಿ ಕೊಡುತ್ತದೆ. ರಸ್ತೆಗಾಗಿ ಗುಡ್ಡ ಕಡಿದ ಕಡೆ ಕುಸಿತ ಜಾಸ್ತಿ ಅನ್ನುವುದು ನಿಜವೇ. ಆದರೆ ಅದರಲ್ಲಿ ನಿಜವಾದ ಕಾರಣ ಎಷ್ಟು, ದಾಖಲಾತಿಯ ಓರೆ ಎಷ್ಟು ಅಂತ ಬೇರ್ಪಡಿಸದೆ ಮುಂದೆ ಹೋಗಬಾರದು.

ಇದಕ್ಕೆ ಪರಿಹಾರ, ಉಪಗ್ರಹ ಚಿತ್ರ ಇಟ್ಟುಕೊಂಡು ಜಲಾನಯನವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಕಣ್ಣಿನಿಂದ ಹುಡುಕುವುದು. ಸೆಂಟಿನೆಲ್-2 ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ ಉಚಿತವಾಗಿ ಸಿಗುತ್ತವೆ. ಅದಕ್ಕಿಂತ ಹಳೆಯದಕ್ಕೆ ಲ್ಯಾಂಡ್‌ಸ್ಯಾಟ್ ಇದೆ, ಅದರ ಸಂಗ್ರಹ 1972ರಿಂದ ಶುರು. ಗೂಗಲ್ ಅರ್ಥ್‌ನಲ್ಲಿ ಹಳೆಯ ದಿನಾಂಕಗಳಿಗೆ ಹಿಂದೆ ಹೋಗಿ ನೋಡುವ ಸೌಲಭ್ಯವೂ ಬಹಳ ಉಪಯೋಗಕ್ಕೆ ಬರುತ್ತದೆ. ಮಳೆ ಜಾಸ್ತಿ ಇರುವ ಉಷ್ಣ ಪ್ರದೇಶಗಳಲ್ಲಿ ಒಂದು ಕಷ್ಟ ಇದೆ. ಕುಸಿದ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ಗಿಡ ಬೆಳೆದು ಗುರುತೇ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ಮಳೆಗಾಲ ಮುಗಿದ ಕೂಡಲೇ ಸಿಗುವ ಮೊದಲ ಮೋಡವಿಲ್ಲದ ಚಿತ್ರವನ್ನು ಬಿಡಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಇಡೀ ಫಲಿತಾಂಶವನ್ನೇ ಕೆಡಿಸುವಂಥದ್ದು. ಕುಸಿತವನ್ನು ಒಂದೇ ಚುಕ್ಕೆಯಾಗಿ ಗುರುತಿಸಿದರೆ ಆ ಚುಕ್ಕೆ ಎಲ್ಲಿ ಬೀಳುತ್ತದೆ? ಜಾರಿದ ಜಾಗ, ಹರಿದ ದಾರಿ, ಮಣ್ಣು ಬಂದು ನಿಂತ ಜಾಗ ಮೂರನ್ನೂ ಸೇರಿಸಿ ಗಡಿ ಎಳೆದು, ಅದರ ನಡುಮಧ್ಯಕ್ಕೆ ಚುಕ್ಕೆ ಇಟ್ಟರೆ ಅದು ಬಹಳ ಸಲ ಕೆಳಗಿನ ಸಮತಟ್ಟಿನ ಹತ್ತಿರ ಬೀಳುತ್ತದೆ. ಆಗ ಮಾಡೆಲ್ 12 ಡಿಗ್ರಿ ಇಳಿಜಾರಿನಲ್ಲಿ ಗುಡ್ಡ ಕುಸಿಯುತ್ತದೆ ಅಂತ ಕಲಿಯುತ್ತದೆ. ಅಲ್ಲಿ ಕುಸಿದದ್ದೇ ಇಲ್ಲ, ಮೇಲಿನಿಂದ ಬಂದು ನಿಂತದ್ದು! ಕುಸಿತ ಶುರುವಾದ ಜಾಗವನ್ನು ಬೇರೆಯಾಗಿ ಗುರುತು ಮಾಡಿ, ಕಲಿಕೆಗೆ ಅದನ್ನಷ್ಟೇ ಕೊಡಿ. ಹಾಗೆಯೇ ಮೇಲ್ಮಣ್ಣು ಜಾರುವುದು, ಬಂಡೆ ಉರುಳುವುದು, ಇಡೀ ಗುಡ್ಡ ನಿಧಾನವಾಗಿ ಸರಿಯುವುದು ಮೂರನ್ನೂ ಒಂದೇ ರಾಶಿಗೆ ಹಾಕಬೇಡಿ. ಕಾರಣಗಳು ಬೇರೆ ಬೇರೆ, ನಕ್ಷೆಯೂ ಬೇರೆ ಬೇರೆಯೇ ಆಗಬೇಕು.

ಈಗ ವಿಧಾನಗಳು

ದಾಖಲೆ ಏನೂ ಇಲ್ಲ, ಇದ್ದರೂ ಬೆರಳೆಣಿಕೆಯಷ್ಟು ಅಂದರೆ ಉಳಿಯುವುದು ತಜ್ಞರ ಅಂದಾಜು. ಅದರಲ್ಲಿ ಎಎಚ್‌ಪಿ ಹೆಚ್ಚು ಬಳಕೆಯಲ್ಲಿದೆ. ಇಳಿಜಾರು ಮುಖ್ಯವಾ ಶಿಲೆ ಮುಖ್ಯವಾ, ಶಿಲೆ ಮುಖ್ಯವಾ ಭೂಬಳಕೆ ಮುಖ್ಯವಾ ಅಂತ ಎರಡೆರಡನ್ನೇ ಹೋಲಿಸುತ್ತಾ ಹೋಗಿ ತೂಕ ಕಂಡುಹಿಡಿಯುವ ಕ್ರಮ ಇದು. 10 ಅಂಶ ಇಟ್ಟುಕೊಂಡರೆ 45 ಹೋಲಿಕೆ ಮಾಡಬೇಕು. ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತವಾ ಅಂತ ನೋಡಲು ಒಂದು ಅನುಪಾತ ಇದೆ, ಅದು 0.1ಕ್ಕಿಂತ ಕಡಿಮೆ ಬಂದರೆ ಸರಿ ಅನ್ನುತ್ತಾರೆ. ಇಲ್ಲಿ ಎಚ್ಚರ ಬೇಕು. ಆ ಅನುಪಾತ ಹೇಳುವುದು ನಿಮ್ಮ ಉತ್ತರಗಳು ಒಂದಕ್ಕೊಂದು ವಿರೋಧವಾಗಿಲ್ಲ ಅಂತ ಮಾತ್ರ, ಅವು ಆ ಗುಡ್ಡಕ್ಕೆ ಸರಿಯಾಗಿವೆ ಅಂತ ಅಲ್ಲ. ತಪ್ಪನ್ನೇ ಒಂದೇ ರೀತಿಯಲ್ಲಿ 45 ಸಲ ಹೇಳಿದರೂ ಅನುಪಾತ ಚೆನ್ನಾಗಿಯೇ ಬರುತ್ತದೆ. ಬೇರೆ ದೇಶದ ಬೇರೆ ಶಿಲೆಯ ಮೇಲೆ ಮಾಡಿದ ಲೇಖನದಿಂದ ತೂಕಗಳನ್ನು ಸುಮ್ನೆ ಎತ್ತಿಕೊಂಡು ಬರುವುದಂತೂ ಬೇಡವೇ ಬೇಡ. ದಾಖಲೆ ಇದ್ದೂ ಎಎಚ್‌ಪಿ ಆರಿಸಿಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಕೆಲವು ಡಜನ್‌ನಿಂದ ನೂರರ ಆಸುಪಾಸಿನವರೆಗೆ ನಂಬುವಂಥ ಕುಸಿತಗಳ ದಾಖಲೆ ಇದ್ದರೆ ಫ್ರೀಕ್ವೆನ್ಸಿ ರೇಶಿಯೋ ಒಳ್ಳೆಯ ಆರಂಭ. ಲೆಕ್ಕ ಬಹಳ ಸರಳ. 30ರಿಂದ 40 ಡಿಗ್ರಿ ಇಳಿಜಾರು ನಿಮ್ಮ ಜಲಾನಯನದ ಶೇ 20ರಷ್ಟು ಜಾಗದಲ್ಲಿದೆ, ಆದರೆ ಕುಸಿತಗಳಲ್ಲಿ ಶೇ 45 ಅಲ್ಲೇ ಆಗಿವೆ ಅಂದುಕೊಳ್ಳಿ. 45ನ್ನು 20ರಿಂದ ಭಾಗಿಸಿದರೆ 2.25. ಅಂದರೆ ಅಲ್ಲಿ ಸರಾಸರಿಗಿಂತ ಎರಡು ಪಟ್ಟಿಗೂ ಜಾಸ್ತಿ ಕುಸಿತ. 1ಕ್ಕಿಂತ ಕಡಿಮೆ ಬಂದ ವರ್ಗದಲ್ಲಿ ಕುಸಿತ ಸರಾಸರಿಗಿಂತ ಕಡಿಮೆ. ಪ್ರತಿ ಅಂಶಕ್ಕೂ ಹೀಗೆ ಮಾಡಿ ಕೂಡಿದರೆ ನಕ್ಷೆ ಸಿದ್ಧ. ಯಾರಿಗೆ ಬೇಕಾದರೂ ಬಿಡಿಸಿ ಹೇಳಬಹುದು, ಸ್ಪ್ರೆಡ್‌ಶೀಟ್‌ನಲ್ಲೇ ತಪಾಸಣೆ ಮಾಡಬಹುದು. ಇದರ ಕೊರತೆ, ಅಂಶಗಳಿಗೆ ಒಂದಕ್ಕೊಂದು ಸಂಬಂಧವೇ ಇಲ್ಲ ಅಂತ ಇದು ನಂಬಿಕೊಂಡು ಹೋಗುತ್ತದೆ. ಇಳಿಜಾರು ಮತ್ತು ಎತ್ತರದ ವ್ಯತ್ಯಾಸ ಎರಡನ್ನೂ ಹಾಕಿದರೆ ಒಂದೇ ವಿಷಯವನ್ನು ಎರಡು ಸಲ ಎಣಿಸಿದ ಹಾಗಾಗುತ್ತದೆ.

ಆ ಕೊರತೆಯನ್ನು ಬಹುಮಟ್ಟಿಗೆ ನೀಗುವುದು ಲಾಜಿಸ್ಟಿಕ್ ರಿಗ್ರೆಷನ್. ಎಲ್ಲ ಅಂಶಗಳನ್ನೂ ಒಟ್ಟಿಗೆ ಇಟ್ಟು, ಯಾವುದು ನಿಜವಾಗಿ ಕೆಲಸ ಮಾಡುತ್ತಿದೆ, ಯಾವುದು ಇನ್ನೊಂದರ ನೆರಳಿನಲ್ಲಿದೆ ಅಂತ ಹೇಳುತ್ತದೆ. ಪ್ರತಿ ಅಂಶಕ್ಕೂ ಒಂದು ಗುಣಾಂಕ ಸಿಗುತ್ತದೆ, ಅದರ ಚಿಹ್ನೆ ನೋಡಿಯೇ ಭೂವಿಜ್ಞಾನಿ 'ಇದು ಸರಿ' ಅಥವಾ 'ಇಲ್ಲೇನೋ ಎಡವಟ್ಟಾಗಿದೆ' ಅಂತ ಹೇಳಬಹುದು. ಹೆಚ್ಚಿನ ಜಲಾನಯನಗಳಿಗೆ ನಾನು ಸೂಚಿಸುವುದು ಇದನ್ನೇ.

ಮಷೀನ್ ಲರ್ನಿಂಗ್ ವಿಷಯಕ್ಕೆ ಬಂದರೆ, ರ‍್ಯಾಂಡಮ್ ಫಾರೆಸ್ಟ್ ಇರಲಿ, ಬೂಸ್ಟಿಂಗ್ ವಿಧಾನಗಳಿರಲಿ, ಅಂಶಗಳ ನಡುವಿನ ಗೋಜಲು ಸಂಬಂಧಗಳನ್ನು ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ನೂರಾರು, ಸಾಧ್ಯವಾದರೆ ಸಾವಿರಾರು ಕುಸಿತಗಳ ಶುದ್ಧ ದಾಖಲೆ ಬೇಕು. ಇನ್ನೊಂದು ಅಪಾಯವೂ ಇದೆ. ನಿಮ್ಮ ದಾಖಲೆಯ ಓರೆಯನ್ನು ಇವು ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತವೆ. ಫಲಿತಾಂಶದ ನಕ್ಷೆಯನ್ನು ಹಿಗ್ಗಿಸಿ ನೋಡಿ. ಒಂದೇ ಗುಡ್ಡದ ಒಂದೇ ಇಳಿಜಾರಿನಲ್ಲಿ ಕೆಂಪು ಬಣ್ಣ ಗೆರೆ ಎಳೆದ ಹಾಗೆ ಥಟ್ಟನೆ ನಿಂತು, ಪಕ್ಕದಲ್ಲೇ ಹಸಿರು ಶುರುವಾಗಿದ್ದರೆ ಅದು ಬಹಳ ಸಲ ಶಿಲಾ ನಕ್ಷೆಯ ಗಡಿ ಆಗಿರುತ್ತದೆ. 1:2,50,000 ಪ್ರಮಾಣದ ಹಳೆಯ ನಕ್ಷೆಯಲ್ಲಿ ಎಳೆದ ಗೆರೆ ನೆಲದ ಮೇಲೆ ನೂರಾರು ಮೀಟರ್ ಆಚೀಚೆ ಇರಬಹುದು. ಮಾಡೆಲ್ ಮಾತ್ರ ಅದನ್ನು 30 ಮೀಟರ್ ನಿಖರತೆಯಲ್ಲಿ ನಂಬಿಬಿಡುತ್ತದೆ. ಆ ಗೆರೆಯ ಕೆಂಪು ಕಡೆ ಇರುವ ಮನೆಯವರಿಗೂ ಹಸಿರು ಕಡೆ ಇರುವ ಮನೆಯವರಿಗೂ ನೀವು ಏನು ಉತ್ತರ ಕೊಡುತ್ತೀರಿ?

ಇವೆಲ್ಲಕ್ಕಿಂತ ಬೇರೆ ಜಾತಿಯದ್ದು ಭೌತಿಕ ಮಾಡೆಲ್. ಇದಕ್ಕೆ ಹಳೆಯ ಕುಸಿತ ಗೊತ್ತಿರಬೇಕಾದ್ದು ಪರೀಕ್ಷೆಗೆ ಮಾತ್ರ, ಲೆಕ್ಕ ನಡೆಯುವುದು ಮಣ್ಣಿನ ಬಲದ ಮೇಲೆ. 1994ರಲ್ಲಿ ಬಂದ ಶಾಲ್‌ಸ್ಟ್ಯಾಬ್, 1998ರ ಸಿನ್‌ಮ್ಯಾಪ್, ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 2002ರಲ್ಲಿ ಹೊರತಂದ ಟ್ರಿಗ್ರ್ಸ್ ಎಲ್ಲವೂ ಈ ಗುಂಪಿನವೇ. ಒಳಗೆ ನಡೆಯುವುದನ್ನು ಒಂದು ಉದಾಹರಣೆಯಲ್ಲಿ ನೋಡಿ. 30 ಡಿಗ್ರಿ ಇಳಿಜಾರು, ಮಣ್ಣಿನ ಒಳಘರ್ಷಣೆಯ ಕೋನ (ಕಣಗಳು ಒಂದರ ಮೇಲೊಂದು ಜಾರದಂತೆ ತಡೆಯುವ ಶಕ್ತಿಯ ಅಳತೆ) 35 ಡಿಗ್ರಿ, ಅಂಟು ಇಲ್ಲವೇ ಇಲ್ಲ ಅಂದುಕೊಳ್ಳಿ. ಒಣಗಿರುವಾಗ ತಡೆಯುವ ಬಲವನ್ನು ಜಾರಿಸುವ ಬಲದಿಂದ ಭಾಗಿಸಿದರೆ ಸುಮಾರು 1.21 ಬರುತ್ತದೆ, ಗುಡ್ಡ ನಿಂತಿರುತ್ತದೆ. ಮಳೆ ನೀರು ಇಳಿದು ಮಣ್ಣಿನ ದಪ್ಪದ ಶೇ 40ರವರೆಗೆ ತುಂಬಿದರೆ ಅದು ಸುಮಾರು 0.97ಕ್ಕೆ ಇಳಿಯುತ್ತದೆ. 1ಕ್ಕಿಂತ ಕೆಳಗೆ ಬಂತು ಅಂದರೆ ಜಾರಿತು ಅಂತಲೇ. ಪೂರ್ತಿ ತುಂಬಿದರೆ 0.6ರ ಹತ್ತಿರ. ಎಷ್ಟು ಮಳೆಗೆ ಯಾವ ಇಳಿಜಾರು ಅಂತ ಹೇಳಬಲ್ಲ ಶಕ್ತಿ ಇರುವುದು ಈ ವಿಧಾನಕ್ಕೆ ಮಾತ್ರ.

ಹಾಗಾದರೆ ಎಲ್ಲ ಕಡೆ ಇದನ್ನೇ ಮಾಡಬಹುದಲ್ವಾ? ಆಗುವುದಿಲ್ಲ, ಯಾಕೆಂದರೆ ಮಣ್ಣಿನ ದಪ್ಪ, ಅಂಟು, ನೀರು ಇಂಗುವ ವೇಗ ಇವು ಒಂದೇ ಗುಡ್ಡದಲ್ಲಿ ಹತ್ತು ಹೆಜ್ಜೆಗೊಮ್ಮೆ ಬದಲಾಗುತ್ತವೆ, ಸಾವಿರಾರು ಚದರ ಕಿಲೋಮೀಟರ್ ಜಲಾನಯನಕ್ಕೆ ಅದನ್ನೆಲ್ಲ ಅಳೆಯಲು ಯಾರಿಂದಲೂ ಸಾಧ್ಯವಿಲ್ಲ. ಮೇಲಿನ ಲೆಕ್ಕದಲ್ಲಿ ಮರದ ಬೇರಿನಿಂದ ಬರುವ ಸ್ವಲ್ಪ ಅಂಟು ಸೇರಿಸಿದರೂ ಉತ್ತರ ಪೂರ್ತಿ ಬದಲಾಗುತ್ತದೆ. ಮೇಲ್ಮಣ್ಣಿನ ಜಾರಿಕೆಗೆ ಇದು ಚೆನ್ನ. ಆಳದ ಕುಸಿತಕ್ಕೆ, ಬಂಡೆ ಉರುಳುವುದಕ್ಕೆ ಒಗ್ಗುವುದಿಲ್ಲ. ಅಂಕಿಸಂಖ್ಯೆಯ ವಿಧಾನದಲ್ಲಿ ಇಡೀ ಜಲಾನಯನ ಮಾಡಿ, ಅದರಲ್ಲಿ ಕೆಂಪಾಗಿ ಕಂಡ, ಕೆಳಗೆ ಊರಿರುವ ಎರಡೋ ಮೂರೋ ಉಪಜಲಾನಯನಗಳಿಗೆ ಮಾತ್ರ ಭೌತಿಕ ಮಾಡೆಲ್ ಹಾಕಿ. ಅಲ್ಲೂ ಒಂದೇ ಅಂಕಿ ಕೊಡಬೇಡಿ, ಅಂಕಿಗಳ ವ್ಯಾಪ್ತಿ ಕೊಟ್ಟು ಸಾವಿರ ಸಲ ಓಡಿಸಿ ಎಷ್ಟು ಸಲ ಜಾರಿತು ಅಂತ ನೋಡಿ.

ಎತ್ತರದ ದತ್ತಾಂಶ, ಲೆಕ್ಕದ ಘಟಕ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಉಚಿತ ದತ್ತಾಂಶದಲ್ಲಿ ಕೊಪರ್ನಿಕಸ್‌ನ 30 ಮೀಟರ್ ಮಾದರಿ ಈಗ ಒಳ್ಳೆಯ ಆಯ್ಕೆ, ಎಸ್‌ಆರ್‌ಟಿಎಂ ಅನ್ನುವ ಇನ್ನೊಂದು ಎತ್ತರದ ಮಾದರಿ ಫೆಬ್ರವರಿ 2000ದ್ದು, ಹಳೆಯದು. 12.5 ಮೀಟರ್ ಅಂತ ಆಲೋಸ್ ಪಾಲ್ಸಾರ್ ಹೆಸರಿನಲ್ಲಿ ಸಿಗುವ ಎತ್ತರದ ಕಡತ ನೋಡಿ ಮರುಳಾಗಬೇಡಿ, ಬಹಳಷ್ಟು ಕಡೆ ಅದು ಎಸ್‌ಆರ್‌ಟಿಎಂನಂಥ ಒರಟು ದತ್ತಾಂಶವನ್ನೇ ಸಣ್ಣ ಚೌಕಗಳಾಗಿ ಕತ್ತರಿಸಿದ್ದು, ಹೊಸ ವಿವರ ಅದರಲ್ಲಿ ಇಲ್ಲ. 30 ಮೀಟರ್‌ನ ಒಂದು ಚೌಕ ಅಂದರೆ 900 ಚದರ ಮೀಟರ್. ಅದಕ್ಕಿಂತ ಸಣ್ಣ ಕುಸಿತ ಅದರಲ್ಲಿ ಕಾಣುವುದಿಲ್ಲ, ಕಡಿದಾದ ಇಳಿಜಾರೂ ಸಪಾಟಾದ ಹಾಗೆ ತೋರುತ್ತದೆ. ಕಾಡಿನ ಕೆಳಗಿನ ನಿಜವಾದ ನೆಲ ಬೇಕಾದರೆ ಲೈಡಾರ್ (ಮೇಲಿನಿಂದ ಲೇಸರ್ ಬಿಟ್ಟು ನೆಲ ಅಳೆಯುವುದು) ಒಂದೇ ದಾರಿ. ಹಾಗಂತ 1 ಮೀಟರ್‌ನಲ್ಲೇ ಲೆಕ್ಕ ಮಾಡಿದರೆ ಪ್ರತಿ ಗದ್ದೆಯ ಬದುವೂ ಕಡಿದಾದ ಇಳಿಜಾರಾಗಿ ಬರುತ್ತದೆ. ಅದನ್ನು 5–10 ಮೀಟರ್‌ಗೆ ದೊಡ್ಡದು ಮಾಡಿಕೊಂಡು ಬಳಸುವುದು ಒಳ್ಳೆಯದು.

ಚೌಕಗಳ ಬದಲು ಇಳಿಜಾರು ಘಟಕ ಬಳಸಿದರೆ, ಅಂದರೆ ಏಣಿನಿಂದ ಹಳ್ಳದವರೆಗಿನ ಒಂದು ಮುಖವನ್ನು ಒಂದು ತುಂಡಾಗಿ ಹಿಡಿದರೆ, ನಕ್ಷೆ ಓದಲು ಸುಲಭ. 'ಈ ಹಳ್ಳದ ಎಡಬದಿಯ ಗುಡ್ಡ' ಅಂತ ಬೆರಳು ತೋರಿಸಿ ಹೇಳಬಹುದು. ಇದಕ್ಕೆ ಗ್ರಾಸ್ ತಂತ್ರಾಂಶದಲ್ಲಿ ಉಚಿತ ಸಾಧನವೂ ಇದೆ.

ಮಣ್ಣು ಹೋಗುವ ದಾರಿ

ನದಿ ಜಲಾನಯನಕ್ಕೆ ನಕ್ಷೆ ಮಾಡುವಾಗ ನನ್ನನ್ನು ಹೆಚ್ಚು ಕಾಡುವುದು ಇದೇ. ಮೇಲೆ ಹೇಳಿದ ಎಲ್ಲ ವಿಧಾನಗಳೂ ಕುಸಿತ ಎಲ್ಲಿ ಶುರುವಾಗುತ್ತದೆ ಅಂತ ಹೇಳುತ್ತವೆ. ಜನ ಸಾಯುವುದು ಬಹಳ ಸಲ ಅಲ್ಲಲ್ಲ, ಕೆಳಗೆ, ಹಳ್ಳದ ಬದಿಯ ಸಮತಟ್ಟಿನಲ್ಲಿ.

2024ರ ಜುಲೈ 30ರ ವಯನಾಡ್ ದುರಂತ ನೆನಪಿಸಿಕೊಳ್ಳಿ. ಕುಸಿತದ ನೆತ್ತಿ ಸಮುದ್ರ ಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿತ್ತು, ಅಲ್ಲಿಂದ ಹೊರಟ ಕಲ್ಲು, ಕೆಸರು, ಮರ ಹಳ್ಳ ಹಿಡಿದು ಸುಮಾರು 8 ಕಿಲೋಮೀಟರ್ ಹರಿದಿತ್ತು ಅಂತ ಇಸ್ರೋದ ದೂರಸಂವೇದಿ ಕೇಂದ್ರ ಎನ್‌ಆರ್‌ಎಸ್‌ಸಿ ಉಪಗ್ರಹ ಚಿತ್ರಗಳಿಂದ ತೋರಿಸಿತು. ಮುಂಡಕ್ಕೈ, ಚೂರಲ್‌ಮಲ ನಾಶವಾದವು. ಶವಗಳು ಚಾಲಿಯಾರ್ ನದಿಯಲ್ಲಿ ತೇಲಿ ಪಕ್ಕದ ಮಲಪ್ಪುರಂ ಜಿಲ್ಲೆಯವರೆಗೆ ಹೋಗಿದ್ದವು. ಅಮೆರಿಕದ ಓಸೊದಲ್ಲಿ 2014ರ ಮಾರ್ಚ್ 22ರಂದು ಕುಸಿದ ಗುಡ್ಡ ನದಿಯನ್ನೇ ದಾಟಿ, ಎದುರು ದಡದ ಸಮತಟ್ಟಿನಲ್ಲಿದ್ದ ಬಡಾವಣೆಯನ್ನು ಮುಚ್ಚಿ 43 ಜನರನ್ನು ಬಲಿ ತೆಗೆದುಕೊಂಡಿತು. ಇಳಿಜಾರಿಗೆ ಮಾತ್ರ ಬಣ್ಣ ಹಚ್ಚಿದ ನಕ್ಷೆಯಲ್ಲಿ ಇಂಥ ಸಮತಟ್ಟು ಹಸಿರಾಗಿಯೇ ಇರುತ್ತದೆ.

ಆದ್ದರಿಂದ ಹರಿವಿನ ನಕ್ಷೆ ಐಚ್ಛಿಕ ಅಲ್ಲ. ಆಯ್ಕೆ ಇರುವುದು ಎಷ್ಟು ಆಳಕ್ಕೆ ಮಾಡಬೇಕು ಅನ್ನುವುದರಲ್ಲಿ. ಕಡಿಮೆ ಶ್ರಮದ್ದು ತಲುಪುವ ಕೋನದ ವಿಧಾನ. ಕುಸಿತದ ನೆತ್ತಿಯಿಂದ ಒಂದು ಕೋನದಲ್ಲಿ ಗೆರೆ ಇಳಿಸಿ, ಅದು ನೆಲ ಮುಟ್ಟುವವರೆಗೆ ಅಪಾಯ ಅಂತ ಹಿಡಿಯುವುದು. 11 ಡಿಗ್ರಿ ಇಟ್ಟುಕೊಂಡರೆ 500 ಮೀಟರ್ ಇಳಿತಕ್ಕೆ ಸುಮಾರು 2.5 ಕಿಲೋಮೀಟರ್ ದೂರ ಬರುತ್ತದೆ. ಫ್ಲೋ-ಆರ್ ಅನ್ನುವ ಉಚಿತ ತಂತ್ರಾಂಶ ಈ ಬಗೆಯ ಲೆಕ್ಕವನ್ನು ಇಡೀ ಜಲಾನಯನಕ್ಕೆ ಮಾಡಿಕೊಡುತ್ತದೆ. ಮಣ್ಣಿನ ಪ್ರಮಾಣ ಗೊತ್ತಿರಬೇಕಾಗಿಲ್ಲ, ಅದೇ ಇದರ ಅನುಕೂಲ. ಹಳ್ಳದಲ್ಲಿ ಜೋರಾಗಿ ನೀರು ಹರಿಯುತ್ತಿದ್ದರೆ ಕೆಸರು ಈ ಅಂದಾಜನ್ನೂ ಮೀರಿ ಹೋಗುತ್ತದೆ ಅನ್ನುವುದು ತಲೆಯಲ್ಲಿರಲಿ. ಊರು, ಶಾಲೆ, ಸೇತುವೆ ಇರುವ ಹಳ್ಳಗಳಿಗೆ ಮಾತ್ರ ರಾಮ್ಸ್ ಅಥವಾ ಆರ್.ಅವಾಫ್ಲೋದಂಥ ಮಾಡೆಲ್‌ಗಳಲ್ಲಿ ಆಳ, ವೇಗದ ಸಮೇತ ಲೆಕ್ಕ ಹಾಕಿ.

ಜಲಾನಯನ ಅಂದಮೇಲೆ ನದಿಗೆ ಅಡ್ಡಲಾಗಿ ಗುಡ್ಡ ಬಿದ್ದು ಕೆರೆಯಾಗುವುದನ್ನೂ ಬಿಡುವಂತಿಲ್ಲ. 1893ರಲ್ಲಿ ಗಢವಾಲದ ಗೋಹ್ನಾದಲ್ಲಿ ಬಿರಹಿ ಗಂಗಾಕ್ಕೆ ಅಡ್ಡ ಗುಡ್ಡ ಬಿತ್ತು. ಹಿಂದೆ ದೊಡ್ಡ ಕೆರೆ ನಿಂತು, ಸುಮಾರು ಒಂದು ವರ್ಷದ ನಂತರ 1894ರ ಆಗಸ್ಟ್‌ನಲ್ಲಿ ಒಡೆಯಿತು. ಕೆಳಗೆ ಅಲಕನಂದಾ ದಡದ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಆದರೆ ಕೆರೆ ತುಂಬುವ ಲೆಕ್ಕ ಮೊದಲೇ ಹಾಕಿ, ಟೆಲಿಗ್ರಾಫ್ ತಂತಿ ಎಳೆದು ಎಚ್ಚರಿಕೆ ಕೊಟ್ಟಿದ್ದರಿಂದ ಪಟ್ಟಣದ ಜನ ಉಳಿದರು. 2010ರ ಜನವರಿಯಲ್ಲಿ ಗಿಲ್ಗಿಟ್-ಬಾಲ್ಟಿಸ್ತಾನದ ಅತ್ತಾಬಾದ್‌ನಲ್ಲಿ ಹುಂಜಾ ನದಿಗೆ ಹೀಗೇ ಆಗಿ, 20 ಕಿಲೋಮೀಟರ್‌ಗೂ ಉದ್ದದ ಸರೋವರ ನಿಂತು ಕಾರಕೋರಂ ಹೆದ್ದಾರಿಯನ್ನೇ ಮುಳುಗಿಸಿತು. ಇದಕ್ಕೆ ದೊಡ್ಡ ಮಾಡೆಲ್ ಏನೂ ಬೇಡ. ಕಣಿವೆ ಕಿರಿದಾಗಿ, ಮೇಲಿನ ಇಳಿಜಾರು ಕೆಂಪಾಗಿರುವ ಕಡೆಗಳನ್ನು ಪಟ್ಟಿ ಮಾಡಿ, ಅಲ್ಲಿ ನದಿ ಕಟ್ಟಿಕೊಂಡರೆ ಮೇಲೆ ಏನು ಮುಳುಗುತ್ತದೆ, ಒಡೆದರೆ ಕೆಳಗೆ ಮೊದಲು ಯಾವ ಊರು ಸಿಗುತ್ತದೆ ಅಂತ ಬರೆದಿಡಿ.

ನಕ್ಷೆಯನ್ನು ನಂಬುವ ಮೊದಲು

ಎರಡು ನಕ್ಷೆ ಪಕ್ಕಪಕ್ಕ ಇಟ್ಟು ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲರೂ ತೋರಿಸುವುದು ಎಯುಸಿ ಅಂಕಿ, ಅಂದರೆ ಕುಸಿದ ಜಾಗವನ್ನೂ ಕುಸಿಯದ ಜಾಗವನ್ನೂ ನಕ್ಷೆ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಅನ್ನುವ ಅಳತೆ. 0.5 ಅಂದರೆ ನಾಣ್ಯ ಚಿಮ್ಮಿದ ಹಾಗೆ, 1 ಅಂದರೆ ಪರಿಪೂರ್ಣ. 0.95 ಬಂತು ಅಂದ ಕೂಡಲೇ ಒಪ್ಪಿಕೊಳ್ಳಬೇಡಿ. ನದಿ ಜಲಾನಯನದಲ್ಲಿ ಈ ಅಂಕಿ ಬಹಳ ಸುಲಭವಾಗಿ ಉಬ್ಬುತ್ತದೆ, ಯಾಕೆಂದರೆ ಕೆಳಭಾಗದಲ್ಲಿ ದೊಡ್ಡ ಬಯಲು ಇರುತ್ತದೆ. ಬಯಲಿನಲ್ಲಿ ಗುಡ್ಡ ಕುಸಿಯುವುದಿಲ್ಲ ಅಂತ ಹೇಳಲು ಯಾವ ಮಾಡೆಲ್ಲೂ ಬೇಡ. 5 ಡಿಗ್ರಿಗಿಂತ ಕಡಿಮೆ ಇಳಿಜಾರನ್ನೆಲ್ಲ ತೆಗೆದುಹಾಕಿ ಮತ್ತೆ ಲೆಕ್ಕ ಹಾಕಿ ನೋಡಿ. ಆಗ ಉಳಿಯುವ ಅಂಕಿ ನಿಜವಾದದ್ದು.

ಇನ್ನೊಂದು, ದಾಖಲೆಯನ್ನು ಕಲಿಕೆಗೆ ಶೇ 70, ಪರೀಕ್ಷೆಗೆ ಶೇ 30 ಅಂತ ಚೀಟಿ ಎತ್ತಿದ ಹಾಗೆ ಹಂಚುವುದು. ಒಂದೇ ಮಳೆಯಲ್ಲಿ ಅಕ್ಕಪಕ್ಕ ಜಾರಿದ ಎರಡು ಕುಸಿತಗಳಲ್ಲಿ ಒಂದು ಕಲಿಕೆಗೆ, ಒಂದು ಪರೀಕ್ಷೆಗೆ ಹೋದರೆ ಅದು ಪರೀಕ್ಷೆಯೇ ಅಲ್ಲ. ಒಂದು ಉಪಜಲಾನಯನವನ್ನು ಪೂರ್ತಿ ಬದಿಗಿಟ್ಟು ಉಳಿದವುಗಳಿಂದ ಕಲಿಸಿ, ಬದಿಗಿಟ್ಟದ್ದರ ಮೇಲೆ ಪರೀಕ್ಷೆ ಮಾಡಿ. ದಿನಾಂಕ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಹಳೆಯ ವರ್ಷಗಳಿಂದ ಕಲಿಸಿ ಹೊಸ ವರ್ಷಗಳನ್ನು ಊಹಿಸಲು ಹೇಳಿ. ಮುಂದಿನ ಮಳೆಗಾಲಕ್ಕೆ ನಕ್ಷೆ ಕೆಲಸಕ್ಕೆ ಬರುತ್ತದಾ ಅನ್ನುವುದು ಆಗಲೇ ಗೊತ್ತಾಗುವುದು. ಈ ಪರೀಕ್ಷೆಯಲ್ಲಿ 0.8 ತೋರಿಸಿದ ಸರಳ ನಕ್ಷೆಯನ್ನು ನಾನು ಚೀಟಿ ಎತ್ತಿದ ಹಾಗೆ ಹಂಚಿದ ಪರೀಕ್ಷೆಯಲ್ಲಿ 0.95 ತೋರಿಸಿದ್ದಕ್ಕಿಂತ ಜಾಸ್ತಿ ನಂಬುತ್ತೇನೆ.

ಇನ್ಸಾರ್ ಮತ್ತು ಮಳೆ ಮಿತಿ

ಇವೆರಡನ್ನೂ ನಕ್ಷೆಗೆ ಬದಲಿ ಅಂತ ಕೆಲವರು ಭಾವಿಸುತ್ತಾರೆ. ಬದಲಿ ಅಲ್ಲ, ಜೊತೆಗೆ ಬೇಕಾದವು.

ಇನ್ಸಾರ್ ಅಂದರೆ ಉಪಗ್ರಹದ ರೇಡಾರ್‌ನಿಂದ ನೆಲ ಎಷ್ಟು ಮಿಲಿಮೀಟರ್ ಸರಿದಿದೆ ಅಂತ ಅಳೆಯುವುದು. ನಿಧಾನವಾಗಿ ಸರಿಯುವ ದೊಡ್ಡ ಗುಡ್ಡಗಳಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಒಮ್ಮೆಗೇ ಜಾರುವ ಮೇಲ್ಮಣ್ಣನ್ನು ಇದು ಮೊದಲೇ ಹಿಡಿಯುವುದು ಕಷ್ಟ. ಸೆಂಟಿನೆಲ್-1 ಅನ್ನುವ ರೇಡಾರ್ ಉಪಗ್ರಹದ ತರಂಗ ಸುಮಾರು 5.5 ಸೆಂಟಿಮೀಟರ್ ಉದ್ದದ್ದು, ದಟ್ಟ ಕಾಡಿನಲ್ಲಿ ಎಲೆಗಳೇ ಸಂಕೇತ ಕೆಡಿಸುತ್ತವೆ. 24 ಸೆಂಟಿಮೀಟರ್ ಆಸುಪಾಸಿನ ಎಲ್ ಬ್ಯಾಂಡ್ ತರಂಗ ಹಸಿರಿನ ಒಳಗೆ ಹೆಚ್ಚು ಇಳಿಯುತ್ತದೆ. 2025ರ ಜುಲೈ 30ರಂದು ಹಾರಿದ ನಾಸಾ-ಇಸ್ರೋ ಜಂಟಿ ಉಪಗ್ರಹ ನಿಸಾರ್‌ನಲ್ಲಿ ಅದು ಇದೆ, 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತದೆ. ಕಾಡು ಜಾಸ್ತಿ ಇರುವ ಜಲಾನಯನ ನಿಮ್ಮದಾದರೆ ಇದರ ಮೇಲೆ ಕಣ್ಣಿಡಿ. ಉತ್ತರ-ದಕ್ಷಿಣವಾಗಿ ಸರಿಯುವ ಇಳಿಜಾರುಗಳು ಮಾತ್ರ ಈ ಬಗೆಯ ಉಪಗ್ರಹಗಳಿಗೆ ಸರಿಯಾಗಿ ಕಾಣುವುದಿಲ್ಲ.

ಮಳೆ ಮಿತಿ ಅಂದರೆ ಎಷ್ಟು ಮಳೆ ಎಷ್ಟು ಹೊತ್ತು ಬಿದ್ದರೆ ಕುಸಿತ ಶುರುವಾಗಬಹುದು ಅನ್ನುವ ಗೆರೆ. ಅದರಲ್ಲಿ ಪ್ರಸಿದ್ಧವಾದದ್ದು 1980ರಲ್ಲಿ ಬಂದ, ಸಂಶೋಧಕ ಕೇನ್‌ನದ್ದು. ಜಗತ್ತಿನ ಬೇರೆ ಬೇರೆ ಕಡೆಯ 73 ಘಟನೆಗಳಿಂದ ಎಳೆದದ್ದು. ಅದು ಕನಿಷ್ಠ ಮಿತಿ, ನಿಮ್ಮ ಜಲಾನಯನಕ್ಕೆ ನಿಮ್ಮದೇ ಗೆರೆ ಬೇಕು, ಅದಕ್ಕೆ ಕುಸಿತದ ದಿನಾಂಕ, ಸಾಧ್ಯವಾದರೆ ಗಂಟೆಯೂ ಬೇಕು. ಮಳೆಮಾಪಕ ಕಣಿವೆಯ ಪೇಟೆಯಲ್ಲಿದ್ದು ಕುಸಿತ ಮೇಲಿನ ಏಣಿನಲ್ಲಿ ಆಗಿದ್ದರೆ ಗೆರೆ ತೀರಾ ಕೆಳಗೆ ಬರುತ್ತದೆ, ಸುಳ್ಳು ಎಚ್ಚರಿಕೆ ಹೆಚ್ಚುತ್ತದೆ, ಜನ ನಂಬುವುದನ್ನೇ ಬಿಡುತ್ತಾರೆ.

ಕೈಯಲ್ಲಿ ಇರುವುದನ್ನು ನೋಡಿ

ಒಬ್ಬರೋ ಇಬ್ಬರೋ ಸೇರಿ, ಉಚಿತ ದತ್ತಾಂಶದಲ್ಲಿ, ಒಂದು ಮಳೆಗಾಲದೊಳಗೆ ಮುಗಿಸಬೇಕು ಅಂದರೆ: ಉಪಗ್ರಹ ಚಿತ್ರದಿಂದ ಕುಸಿತ ಶುರುವಾದ ಜಾಗಗಳ ದಾಖಲೆ, ಇಳಿಜಾರು ಘಟಕ, ಫ್ರೀಕ್ವೆನ್ಸಿ ರೇಶಿಯೋ, ಮೇಲೆ ಫ್ಲೋ-ಆರ್. ಭೂವಿಜ್ಞಾನಿಯೂ ಲೆಕ್ಕ ಬಲ್ಲವರೂ ಇರುವ ತಂಡವಾದರೆ ಫ್ರೀಕ್ವೆನ್ಸಿ ರೇಶಿಯೋ ಜಾಗದಲ್ಲಿ ಲಾಜಿಸ್ಟಿಕ್ ರಿಗ್ರೆಷನ್, ಜೊತೆಗೆ ಆಯ್ದ ಉಪಜಲಾನಯನಗಳಿಗೆ ಟ್ರಿಗ್ರ್ಸ್. ಒಂದೇ ದೊಡ್ಡ ಮಳೆಯಲ್ಲೋ ಭೂಕಂಪದಲ್ಲೋ ಸಾವಿರಾರು ಕುಸಿತ ಆಗಿ, ಎಲ್ಲವನ್ನೂ ಒಂದೇ ರೀತಿಯಲ್ಲಿ ಗುರುತಿಸಿದ್ದರೆ ಆಗ ಮಷೀನ್ ಲರ್ನಿಂಗ್ ಹಾಕಿ, ಪಕ್ಕದಲ್ಲಿ ಲಾಜಿಸ್ಟಿಕ್ ಕೂಡ ಓಡಿಸಿ. ಎರಡೂ ಒಂದೇ ಹೇಳುವ ಕಡೆ ಧೈರ್ಯವಾಗಿ ಬಣ್ಣ ಹಚ್ಚಿ. ಎರಡೂ ಬೇರೆ ಹೇಳುವ ಗುಡ್ಡಗಳನ್ನು ಪಟ್ಟಿ ಮಾಡಿಕೊಂಡು, ಬಣ್ಣ ಹಚ್ಚುವ ಮೊದಲು ಅಲ್ಲಿಗೆ ಹೋಗಿ ನೋಡಿ. ಬಿರುಕು, ವಾಲಿದ ಮರ, ಹೊಸದಾಗಿ ಒಸರುವ ನೀರು ಇವೆಯಾ ಅಂತ ಅಲ್ಲಿನ ಜನರನ್ನೂ ಕೇಳಿಕೊಂಡು ಬನ್ನಿ.